ಒಗ್ಗರಣಿ ಇಲ್ಲದ ಹೋಟ್ಲು

ತಮ್ಮನ ಹೋಟೆಲಿಗೆ ಒಂದು ಹೆಸರಿತ್ತು. ಹಿತ್ತಾಳೆಯ ಸಣ್ಣ ಅಕ್ಷರಗಳಲ್ಲಿ ಬಾಗಿಲ ಪಕ್ಕ ಕೂರಿಸಿದ್ದ. ಓದಬೇಕೆಂದರೆ ಗೋಡೆಗೆ ಮೂಗು ತಾಗಿಸಬೇಕಿತ್ತು. ಬಳ್ಳಾರಿಯ ಆಟೋದವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ನಾನು ಕುರುಗೋಡಿನ ಬಸ್ಸಿಳಿದು, ಅವನಿಗಾಗಿ ತಂದ ಬದನೆಕಾಯಿ ಚೀಲದೊಂದಿಗೆ ಆಟೋ ಹತ್ತಿ ದಾರಿ ಹೇಳಲು ಶುರು ಮಾಡಿದರೆ ಸಾಕು, "ಒಗ್ಗರಣಿ ಇಲ್ಲದ ಹೋಟ್ಲೇನ್ರಿ? ಕುಂದರ್ರಿ" ಅನ್ನುತ್ತಿದ್ದರು.

ಈ ಹೆಸರಿಗೆ ತಮ್ಮನೇ ಕಾರಣ. ನಮ್ಮೂರು ಸಿರುಗುಪ್ಪ. ನಾನು ಮದುವೆಯಾಗಿ ಕುರುಗೋಡಿಗೆ ಬಂದೆ, ಅವನು ಅಡುಗೆ ಕಲಿಯಲು ಮುಂಬೈಗೆ ಹೋದ. ಅಲ್ಲಿನ ದೊಡ್ಡ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದು, ದೊಡ್ಡ ತಟ್ಟೆಯಲ್ಲಿ ಸಣ್ಣ ಊಟ ಬಡಿಸುವುದನ್ನು ಕಲಿತು ವಾಪಸು ಬಂದ. ನಿವೃತ್ತ ಮುಖ್ಯೋಪಾಧ್ಯಾಯಿನಿಯಾಗಿದ್ದ ನಮ್ಮ ಸೋದರತ್ತೆ ಬಳ್ಳಾರಿಯ ತನ್ನ ಮನೆಯ ಕೆಳಭಾಗವನ್ನು ಅವನಿಗೆ ಬಿಟ್ಟುಕೊಟ್ಟಳು. "ಒಂದು ವರ್ಷ ನಡಸಿ ನೋಡು. ಜನ ಬರಲಿಲ್ಲಂದ್ರ ಟ್ಯೂಷನ್‌ನೋರಿಗೆ ಕೊಡ್ತೀನಿ" ಅಂದಳು. ಹೋಟೆಲು ತೆರೆಯುವ ಮೊದಲೇ ಟ್ಯೂಷನ್ನಿನವರು ಬಂದು ಬೆಂಚುಗಳಿಗೆ ಅಳತೆ ತೆಗೆದುಕೊಂಡು ಹೋಗಿದ್ದರು. ಅತ್ತೆ ಎರಡೂ ಕಡೆ ಮಾತು ಕೊಡುವವಳಲ್ಲ, ಒಂದೇ ಮಾತನ್ನು ಇಬ್ಬರಿಗೂ ಕೊಟ್ಟಿದ್ದಳು.

ಮೊದಲ ದಿನ ಸಿರುಗುಪ್ಪದ ಅಕ್ಕಿ ಮಿಲ್ಲಿನ ಸಾಹುಕಾರರು ಮನೆಮಂದಿಯೊಂದಿಗೆ ಬಂದರು. ಮೆನುವಿನಲ್ಲಿ ತಮ್ಮ ಬರೆದಿದ್ದು: ಸಿರುಗುಪ್ಪದ ಅನ್ನ, ತೊಗರಿಬೇಳೆ, ಬೆಳ್ಳುಳ್ಳಿ ಒಗ್ಗರಣೆ. ತಟ್ಟೆ ಬಂತು. ಕಪ್ಪನೆಯ, ಅಗಲವಾದ ತಟ್ಟೆ. ನಡುವೆ ಒಂದು ಹಿಡಿ ಅನ್ನ, ಅದರ ಮೇಲೆ ಬೇಳೆ. ಸಾಹುಕಾರರು ಸ್ವಲ್ಪ ಹೊತ್ತು ಕಾದರು.

"ಅನ್ನ ಬಂತು, ಬ್ಯಾಳಿ ಬಂತು. ಒಗ್ಗರಣಿ ಎಲ್ಲೈತ್ರಿ?"

"ಬ್ಯಾಳಿ ಮ್ಯಾಲೇ ಐತ್ರಿ" ಅಂದ ತಮ್ಮ.

ಅವರು ಚಮಚದಿಂದ ಬೇಳೆಯನ್ನು ಸರಿಸಿ ನೋಡಿದರು. ಆಮೇಲೆ ಅನ್ನವನ್ನೂ ಸರಿಸಿದರು. "ಮಂಡಕ್ಕಿ ಕರಗಿ ಹೋಗೈತೇನು?" ಎಂದು ಬಹಳ ಮರ್ಯಾದೆಯಿಂದಲೇ ಕೇಳಿದರು.

ಬೇರೆ ಕಡೆಯವರಿಗೆ ಒಗ್ಗರಣೆ ಅಂದರೆ ಎಣ್ಣೆ, ಸಾಸಿವೆ, ಚಟಪಟ. ನಮ್ಮ ಕಡೆ ಒಗ್ಗರಣಿ ಅಂದರೆ ಮಂಡಕ್ಕಿ. ನೀರಲ್ಲಿ ನೆನೆಸಿ, ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿಯ ಜೊತೆ ತಿರುವಿ, ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಮಿರ್ಚಿ ಬಜ್ಜಿ ಇಟ್ಟು ಕೊಡುವುದು. ತೆಲುಗಿನವರ ಬಾಯಲ್ಲಿ ಅದೇ ಉಗ್ಗಾಣಿ. ತಮ್ಮನೂ ಅದನ್ನು ತಿಂದೇ ಬೆಳೆದವನು. ಮುಂಬೈಯಲ್ಲಿ ಮರೆತು ಬಂದಿದ್ದ, ಅಷ್ಟೇ.

"ಆ ಪದ ತಗದು ಹಾಕೋ. ಇಲ್ಲಂದ್ರ ಒಗ್ಗರಣಿನ ಮಾಡು" ಅಂದೆ.

"ಅಕ್ಕಾ, ನೀ ಸುಮ್ನಿರು. ನಾ ಇಷ್ಟು ವರ್ಷ ಕಲ್ತಿದ್ದು ಮಂಡಕ್ಕಿ ಹಿಂಡಾಕಲ್ಲ."

ನಾನು ಸುಮ್ಮನಿರುವವಳಲ್ಲ. ಹೋದಾಗಲೆಲ್ಲ ಹೇಳಿದೆ, ಅವನೂ ಹೇಳಿದಾಗಲೆಲ್ಲ ಬೈದ. ಪದ ಮೆನುವಿನಲ್ಲೇ ಉಳಿಯಿತು. ಬಂದ ಜನ ಅದನ್ನು ಹುಡುಕಿದರು, ಸಿಗಲಿಲ್ಲ, ಹೊರಗೆ ಹೋಗಿ ಊರಿಗೆಲ್ಲ ಹೇಳಿದರು. ಊಟ ರುಚಿಯಾಗಿತ್ತೆಂದೂ ಹೇಳುತ್ತಿದ್ದರಂತೆ, ಆದರೆ ಅದು ಮಾತಿನ ಕೊನೆಗೆ ಬರುತ್ತಿತ್ತು. ಮೇಜುಗಳು ಅರ್ಧ ತುಂಬುತ್ತಿದ್ದವು. ಅತ್ತೆ ಮಾತ್ರ ಒಮ್ಮೆಯೂ ಕೆಳಗಿಳಿದು ಬರಲಿಲ್ಲ. ಬೆಳಿಗ್ಗೆ ಮೂಲೆಯ ಅಂಗಡಿಯಿಂದ ಒಗ್ಗರಣಿ ಕಟ್ಟಿಸಿಕೊಂಡು, ತಮ್ಮನ ಹಿತ್ತಾಳೆ ಅಕ್ಷರಗಳ ಮುಂದೆಯೇ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು.

ಹೋಟೆಲು ಮುಚ್ಚಿದರೆ ತಮ್ಮ ಮತ್ತೆ ಮುಂಬೈಗೆ ಹೋಗುತ್ತಾನೆ, ಈ ಸಲ ಹೋದರೆ ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಅವನ ಮೇಲಿನ ಸಿಟ್ಟೆಲ್ಲ ಆ ಹೆದರಿಕೆಯೇ. ಬಾಯಿ ಬಿಟ್ಟು ಹೇಳಲಿಲ್ಲ, ಬದನೆಕಾಯಿ ತಂದುಕೊಟ್ಟೆ.

ವರ್ಷ ತುಂಬಿದ ದಿನ ಮಧ್ಯಾಹ್ನ ಅತ್ತೆ ಕೆಳಗೆ ಬಂದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಚೀಲ. ಕೂತು ಚೀಲವನ್ನು ಮೇಜಿನ ಮೇಲಿಟ್ಟಾಗ ಠಣ್ ಎಂದಿತು. ಒಳಗಿದ್ದದ್ದು ಹೊಸ ಬೀಗ. ಅದನ್ನು ನಾನೂ ನೋಡಿದೆ, ತಮ್ಮನೂ ನೋಡಿದ. ಅವನು ಒಂದೊಂದಾಗಿ ಬಡಿಸಿದ, ಅತ್ತೆ ಪರೀಕ್ಷೆಯ ಪೇಪರು ತಿದ್ದುವ ಮುಖದಲ್ಲಿ ಒಂದೊಂದಾಗಿ ತಿಂದಳು. ಬದನೆಕಾಯಿ ಮುಗಿಯಿತು. ಅನ್ನ, ಬೇಳೆ ಮುಗಿಯಿತು. ಮೆನುವಿನ ಮೇಲೆ ಬೆರಳಿಟ್ಟು ಕೇಳಿದಳು: "ಒಗ್ಗರಣಿ?"

ತಮ್ಮ ನನ್ನ ಕೈಚೀಲದತ್ತ ನೋಡಿದ. ಊರಿಗೆ ಒಯ್ಯಲೆಂದು ಬಳ್ಳಾರಿಯಲ್ಲಿ ಕೊಂಡ ಮಂಡಕ್ಕಿ ಅದರಲ್ಲಿತ್ತು. ಒಂದು ಮಾತೂ ಕೇಳದೆ ಎತ್ತಿಕೊಂಡು ಒಳಗೆ ಹೋದ. ಸಾಸಿವೆ ಸಿಡಿಯಿತು. ನಾನು ಬಾಗಿಲಲ್ಲಿ ನಿಂತು ಅವನು ಮಂಡಕ್ಕಿ ಹಿಂಡುವುದನ್ನು ನೋಡಿದೆ. ಚೆನ್ನಾಗಿಯೇ ಹಿಂಡುತ್ತಿದ್ದ, ಅಮ್ಮ ಹಿಂಡುತ್ತಿದ್ದ ಹಾಗೆಯೇ. ನನಗೆ ಅಳು ಬಂತು. ಈರುಳ್ಳಿ ಹೆಚ್ಚಿದ್ದರಿಂದ ಯಾರಿಗೂ ಲೆಕ್ಕ ಕೊಡಬೇಕಾಗಲಿಲ್ಲ.

ಆ ಹೋಟೆಲಿನಲ್ಲಿ ಬೇರೆ ತಟ್ಟೆ ಇರಲಿಲ್ಲ. ಅದೇ ಕಪ್ಪು ತಟ್ಟೆಯಲ್ಲಿ ತಂದ. ಆ ತಟ್ಟೆ ಅಂಚಿನವರೆಗೂ ತುಂಬಿದ್ದು ಅದೇ ಮೊದಲು.

ಅತ್ತೆ ಚಮಚ ಬದಿಗಿಟ್ಟು ಕೈಯಲ್ಲಿ ತಿಂದಳು. ಕೊನೆಯ ಕಾಳಿನವರೆಗೂ ತಿಂದಳು.

"ಉಪ್ಪು ಕಮ್ಮಿ ಆಗೈತಿ. ಮಿರ್ಚಿ ಇಲ್ಲ. ಕಲಿಯಾಕ ನಿನಗ ಇನ್ನೊಂದು ವರ್ಷ ಬೇಕು" ಅಂದಳು.

ಕೈ ತೊಳೆದು ಬಂದು, ಚೀಲದಿಂದ ಬೀಗ ತೆಗೆದು, ಬೀಗದ ಕೈಯ ಸಮೇತ ತಮ್ಮನ ಮುಂದಿಟ್ಟಳು.

"ರಾತ್ರಿ ಹೋಗುವಾಗ ಇದನ್ನ ಹಾಕ್ಕೊಂಡು ಹೋಗು. ನಿಂದು ಹಳೇದಾಗೈತಿ."