ನಿಮ್ಮ ಫೋನಿಗೆ ನಾನು ಕಿವಿಯಾದದ್ದು

ನಿಮ್ಮ ಕಿವಿಯ ಮಷೀನಿಗೆ ಫೋನನ್ನು ನೇರವಾಗಿ ಸೇರಿಸಬಹುದು ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದನ್ನು ನಿಮ್ಮಿಂದ ಮುಚ್ಚಿಟ್ಟೆ — ಮರೆತು ಅಲ್ಲ, ತಿಳಿಯದೆ ಅಲ್ಲ, ಬೇಕೆಂದೇ. ನಾಲ್ಕು ವರ್ಷ ಮುಚ್ಚಿಟ್ಟೆ. ಆ ಒಂದು ಮುಚ್ಚುಮರೆಯಿಂದ ಇನ್ನೊಂದು ಹುಟ್ಟಿತು, ಅದು ಇದಕ್ಕಿಂತ ದೊಡ್ಡದು. ಬಾಯಲ್ಲಿ ಹೇಳೋಣವೆಂದು ಮೂರು ಸಲ ನಿಮ್ಮೆದುರು ಬಂದು ಕೂತೆ. ಆದರೆ ಮಷೀನಿದ್ದರೂ ನಿಮಗೆ ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳಿದರೆ ಮೇಲಿನ ಫ್ಲಾಟಿನವರಿಗೂ ಕೆಳಗಿನ ಫ್ಲಾಟಿನವರಿಗೂ ಹೇಳಿದಂತೆ. ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ದ್ವಾರಕಾ ನಗರದ ಆ ಕ್ಲಿನಿಕ್ಕು ನೆನಪಿದೆಯಲ್ಲ, ಬ್ಯಾಂಕಿನ ಮೇಲಿನ ಮಹಡಿಯದು. ಕಿವಿ ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲಿನ ಗೆರೆ ತೋರಿಸಿ, ಹಡಗಿನ ಎಂಜಿನ್ ರೂಮಿನಲ್ಲಿ ದುಡಿದವರ ಗೆರೆಗಳೆಲ್ಲ ಹೀಗೇ ಒಂದು ಕಡೆ ಕುಸಿದಿರುತ್ತವೆ ಅಂದಳು. ಆಮೇಲೆ ಅಚ್ಚು ತೆಗೆಯಲು ನಿಮ್ಮ ಎರಡೂ ಕಿವಿಗೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ತುಂಬಿದಳು. ಅದು ಗಟ್ಟಿಯಾಗುವ ತನಕ ಅಲ್ಲಾಡಬೇಡಿ ಎಂದು ಕೈಸನ್ನೆ ಮಾಡಿದಳು. ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿರಿ. ನಿಮ್ಮ ಪಾಲಿಗೆ ಜಗತ್ತೇ ಮೌನವಾಗಿದ್ದ ಆ ಐದು ನಿಮಿಷದಲ್ಲಿ ಅವಳು ಎಲ್ಲವನ್ನೂ ನನಗೆ ಹೇಳಿದಳು. ಹೆಂಡತಿಗೆ ಹೇಳಿದರೆ ಗಂಡನಿಗೆ ಮುಟ್ಟುತ್ತದೆ ಎಂದು ನಂಬಿದ್ದಳು, ಪಾಪ.

ಮಷೀನು ಕೊಂಡರೆ ಮುಗಿಯಲಿಲ್ಲ ಆಂಟಿ, ಅದರ ಜೊತೆಗೆ ಏನೇನು ಸಿಗುತ್ತದೆ ಅಂತ ತಿಳಿದುಕೊಂಡೇ ಆರಿಸಬೇಕು ಅಂದಳು. ಗುಂಡಿಯಷ್ಟು ಸಣ್ಣ ಮೈಕೊಂದನ್ನು ತೋರಿಸಿದಳು. ಮಾತಾಡುವವರ ಬಟ್ಟೆಗೆ ಅದನ್ನು ಸಿಕ್ಕಿಸಿದರೆ ಎಷ್ಟೇ ಗದ್ದಲವಿರಲಿ, ಅವರ ಮಾತು ನಿಮ್ಮ ಕಿವಿಗೆ ಬಂದು ಬೀಳುತ್ತದಂತೆ. ಮಷೀನಿನೊಳಗೆ ಒಂದು ತಂತಿಸುರುಳಿ ಇರುತ್ತದೆ, ಅದಕ್ಕೆ ತಕ್ಕ ತಂತಿ ಹಾಕಿಸಿದ ಸಭಾಂಗಣಗಳಲ್ಲಿ ಭಾಷಣ ಸ್ವಚ್ಛವಾಗಿ ಕೇಳುತ್ತದೆ. ಅಂಥ ಜಾಗ ನಮ್ಮಲ್ಲಿ ಕಡಿಮೆ, ಆದರೂ ಗೊತ್ತಿರಲಿ ಅಂದಳು. ಕೊನೆಗೆ ಫೋನಿನ ವಿಷಯ ತೆಗೆದಳು. ನಾವು ಆರಿಸಿದ್ದ ಮಷೀನಿನಲ್ಲೇ ಅದಿತ್ತು. ಹೆಚ್ಚಿಗೆ ಏನೂ ಕೊಳ್ಳಬೇಕಾಗಿರಲಿಲ್ಲ, ಒಮ್ಮೆ ಜೋಡಿಸಿಕೊಟ್ಟರೆ ಸಾಕಿತ್ತು. ಫೋನಿನ ಮಾತು ಸೀದಾ ಕಿವಿಯೊಳಗೆ. ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ.

"ಪ್ರೈವಸಿ ಉಂಟುಂದಿ ಆಂಟೀ," ಅಂದಳು ತೆಲುಗಿನಲ್ಲಿ, ನಗುತ್ತ.

ನಿಮ್ಮ ಗುಟ್ಟು ನಿಮ್ಮಲ್ಲೇ ಉಳಿಯುತ್ತದೆ ಎಂದಲ್ಲವೇ ಅದರ ಅರ್ಥ? ಅವಳು ಅದನ್ನು ಅನುಕೂಲವೆಂದು ಹೇಳಿದಳು. ನನಗೆ ಬೇಡವಾಗಿದ್ದದ್ದೇ ಅದು.

"ಆಯನಕಿ ಅವನ್ನೀ ವದ್ದಮ್ಮಾ," ಅಂದುಬಿಟ್ಟೆ. ಅವರಿಗೆ ಅದೆಲ್ಲ ಬೇಡಮ್ಮಾ, ಸಾದಾ ಇರಲಿ ಎಂದೆ. ಸರ್‌ಗೆ ಒಂದು ಮಾತು ಕೇಳುತ್ತೇನೆ ಅಂದಳು ಅವಳು. ಮನೆಯಲ್ಲಿ ನಾನೇ ಕೇಳುತ್ತೇನೆ ಎಂದು ತಡೆದೆ. ಎಲ್ಲ ವಿವರ ಇದ್ದ ಒಂದು ಹಾಳೆಯನ್ನು ನಿಮಗೆಂದೇ ಕೊಟ್ಟಳು. ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡು, ಬಸ್‌ಸ್ಟಾಪಿನ ಕಸದ ಡಬ್ಬಿಯಲ್ಲಿ ಹರಿದು ಹಾಕಿದೆ. ಅದಕ್ಕೂ ಮೊದಲು, ಅಚ್ಚು ತೆಗೆದ ಕೂಡಲೇ ನೀವು ಕೇಳಿದಿರಿ — ಏನಂತಾಳ ಆಕಿ ಅಷ್ಟೊತ್ತು? ಕಿವಿಯೊಳಗ ನೀರು ಬಿಡಬ್ಯಾಡ್ರಿ ಅಂದ್ಲು ಎಂದೆ. ನಿಮಗೆ ಮಷೀನು ಹಾಕಿ ಕಳಿಸಿದ ದಿನ, ನೀವು ಕೆಳಗಿಳಿದ ಮೇಲೆ ಅವಳು ಮತ್ತೆ ಆ ಮಾತು ತೆಗೆದಾಗಲೂ, ಆಯಿತಮ್ಮಾ, ಮಾತಾಡಿಕೊಂಡಿದ್ದೇವೆ ಎಂದು ಮುಗಿಸಿಬಿಟ್ಟೆ.

ಯಾಕೆ ಎಂದು ಕೇಳುತ್ತೀರಿ. ನೀವು ಹಡಗಿನ ನೌಕರಿಯಲ್ಲಿದ್ದಾಗ, ಇಪ್ಪತ್ತು ವರ್ಷದ ಹಿಂದೆ, ಒಮ್ಮೆ ಹಡಗು ದಡಕ್ಕೆ ಬಂದ ಮರುದಿನ ಮನೆಗೆ ಬಂದಿರಿ. ಡ್ಯೂಟಿ ಇತ್ತು ಅಂದಿರಿ. ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ವಿಜಯವಾಡದ ರೈಲು ಟಿಕೆಟ್ಟು ಸಿಕ್ಕಿತು. ಕೇಳಿದರೆ, ಜೊತೆಗಾರನೊಬ್ಬನ ಮನೆಯ ಕೆಲಸಕ್ಕೆ ಹೋಗಿದ್ದೆ ಎಂದು ಮುಖ ತಿರುಗಿಸಿದಿರಿ. ನಾನು ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಅಂದೇ ಮುಗಿಯುತ್ತಿತ್ತೋ ಏನೋ — ಕೇಳದೆ ಬಿಟ್ಟದ್ದನ್ನು ಮನಸ್ಸು ಬಿಡಲಿಲ್ಲ. ವಿಜಯವಾಡದಲ್ಲಿ ಒಬ್ಬ ಹೆಂಗಸನ್ನು ನಾನೇ ಸೃಷ್ಟಿಸಿದೆ. ಅವಳಿಗೆ ಬಣ್ಣ ಕೊಟ್ಟೆ, ಸೀರೆ ಉಡಿಸಿದೆ, ದನಿಯನ್ನೂ ಕೊಟ್ಟೆ. ನೀವು ಬಾಲ್ಕನಿಗೆ ಹೋಗಿ ಫೋನಿನಲ್ಲಿ ಮಾತಾಡಿದಾಗಲೆಲ್ಲ ಆ ಕಡೆ ಇರುವುದು ಅವಳೇ.

ಆಮೇಲೆ ನಿಮ್ಮ ಕಿವಿ ಮಂದವಾಗುತ್ತ ಬಂತು, ಫೋನು ಸ್ಪೀಕರಿಗೆ ಬಂತು. ಮಷೀನು ಬಂದ ಮೇಲೂ ಅಲ್ಲೇ ಉಳಿಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಿಮ್ಮ ಕಿವುಡು ನನಗೆ ಸಮಾಧಾನ ಕೊಟ್ಟಿತು. ಯಾರೇ ಫೋನು ಮಾಡಲಿ, ಅವರ ಮಾತು ಮೊದಲು ನನ್ನ ಕಿವಿಗೆ ಬೀಳುತ್ತಿತ್ತು. ಅಡುಗೆಮನೆಯಿಂದಲೇ ಎಲ್ಲ ಕೇಳುತ್ತಿತ್ತು. ನಾಲ್ಕು ವರ್ಷದಲ್ಲಿ ಆ ಹೆಂಗಸಿನ ದನಿ ಒಮ್ಮೆಯೂ ಬರಲಿಲ್ಲ. ಅಷ್ಟಕ್ಕೆ ನನ್ನ ಸಂಶಯ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ. ಫೋನು ಮಾಡಬೇಡ ಎಂದು ಇವರೇ ಅವಳಿಗೆ ಹೇಳಿಟ್ಟಿರಬೇಕು ಅಂದುಕೊಂಡೆ. ಸಂಶಯಕ್ಕೆ ಸಿಕ್ಕದ್ದೂ ಸಾಕ್ಷಿ, ಸಿಗದ್ದೂ ಸಾಕ್ಷಿ.

ಒಂದು ಸಂಜೆ, ಹಡಗು ಬಿಟ್ಟ ಮೇಲೆ ಸೇರಿದ ಪರವಾಡದ ಕಂಪನಿಯ ಬಸ್ಸಿನಿಂದ ಇಳಿದು ಬಂದವರು ಶೂ ಬಿಚ್ಚುವ ಮೊದಲೇ ನನ್ನನ್ನು ಕೇಳಿದಿರಿ. ಬಾಯ್ಲರ್ ವಿಭಾಗದಲ್ಲಿ ಹೊಸದಾಗಿ ಸೇರಿದವನೊಬ್ಬನಿಗೆ ಕಿವಿಯಲ್ಲೇ ಫೋನು ಬರುತ್ತದಂತೆ. ಮಗುವಿನ ಹಾಗೆ ಕಣ್ಣರಳಿಸಿದ್ದಿರಿ.

"ನಮ್ಮದ್ರಾಗ ಹಂಗ ಆಗೂದಿಲ್ಲೇನ?"

"ಅದು ಬ್ಯಾರೆ ಮಾಡಲ್ ರೀ. ನಮ್ಮದ್ರಾಗ ಇಲ್ಲ."

ನೀವು ನಂಬಿದಿರಿ. ಕ್ಲಿನಿಕ್ಕಿಗೆ ಹೋಗಿ ಕೇಳೋಣ ಎಂದೂ ಅನ್ನಲಿಲ್ಲ. ನನ್ನನ್ನು ಅಷ್ಟು ಸುಲಭವಾಗಿ ನಂಬುವ ಮನುಷ್ಯನನ್ನು ನಾನು ಇಪ್ಪತ್ತು ವರ್ಷ ನಂಬಿರಲಿಲ್ಲ. ನಮ್ಮ ಮೇಘಾಳ ಮದುವೆಯಲ್ಲೂ ಹೀಗೇ ಆಯಿತು. ಆ ಸಣ್ಣ ಮೈಕು ಪುರೋಹಿತರ ಶಲ್ಯದ ಮೇಲಿದ್ದಿದ್ದರೆ, ಧಾರೆಯ ನೀರು ಯಾವಾಗ ಬಿಡಬೇಕೆಂದು ನೀವು ನನ್ನ ಮುಖ ನೋಡುತ್ತ ನಿಲ್ಲಬೇಕಾಗಿರಲಿಲ್ಲ.

ಇನ್ನು ನಿಮ್ಮ ಅವ್ವನ ವಿಷಯ. ಹಾವೇರಿಯಲ್ಲಿ ನಿಮ್ಮ ಅಣ್ಣನ ಮನೆಯಿಂದ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದರು. ಮೊದಲ ಮಾತೇ ಅದು — "ಸ್ಪೀಕರ್ ಹಾಕೀಯೇನಪಾ ಬಸೂ?" ಹ್ಞೂನವ್ವ ಎಂದು ನೀವು ಅಂದ ಕೂಡಲೇ ಅವರ ದನಿ ಬದಲಾಗುತ್ತಿತ್ತು. ಜೋಳದ ಬೆಲೆ, ಓಣಿಯವರ ಮದುವೆ, ಮಂಡಿನೋವು. ಹೇಳಬೇಕೆಂದಿದ್ದ ಇನ್ನೇನನ್ನೋ ನುಂಗಿಕೊಂಡು ಫೋನಿಡುತ್ತಿದ್ದರು. ಬಂದಾಗ ಹೇಳ್ತೀನಿ ಬಿಡು ಅನ್ನುತ್ತಿದ್ದರು. ಊರಿಗೆ ಹೋದಾಗಲೂ ನಾನು ನಿಮ್ಮ ಬೆನ್ನು ಬಿಡುತ್ತಿರಲಿಲ್ಲ, ಅದೂ ನಿಮಗೆ ಗೊತ್ತು. ನುಂಗಿಕೊಂಡದ್ದು ನನ್ನ ಮೇಲಿನ ದೂರೇ ಇರಬೇಕು. ಇಲ್ಲವೇ ವಿಜಯವಾಡದ ಸಂಗತಿ ಅವರಿಗೂ ಗೊತ್ತಿರಬೇಕು — ಹೀಗೆ ಲೆಕ್ಕ ಹಾಕುತ್ತ ನಾನು ಫೋನಿಗೆ ಇನ್ನಷ್ಟು ಹತ್ತಿರ ಕೂರುತ್ತಿದ್ದೆ.

ಕಾಯಿಲೆ ಬಿದ್ದ ಮೇಲೆ ಅವ್ವನ ದನಿ ನೂಲಿನೆಳೆಯಷ್ಟಾಯಿತು. ಸ್ಪೀಕರಿನಲ್ಲೂ ಅದು ನಿಮಗೆ ಹತ್ತುತ್ತಿರಲಿಲ್ಲ. ಅವರು ಅಂದದ್ದನ್ನು ನಾನು ನಿಮಗೆ ಕೂಗಿ ಹೇಳುತ್ತಿದ್ದೆ. ಕೊನೆಯ ಸಲ ಫೋನು ಬಂದಾಗ ಅವರು ಸ್ಪೀಕರಿನ ಮಾತೇ ಕೇಳಲಿಲ್ಲ. ಕೇಳುವಷ್ಟು ಉಸಿರಿರಲಿಲ್ಲವೋ, ಇನ್ನು ಯಾರು ಕೇಳಿಸಿಕೊಂಡರೇನು ಅಂದುಕೊಂಡರೋ. ಅವರು ಅಂದದ್ದು ಇಷ್ಟು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ:

"ಬಸೂ, ನೀ ಒಬ್ಬನ ಒಮ್ಮೆ ಬಂದು ಹೋಗಪಾ. ನಿನಗೊಂದು ಮಾತು ಹೇಳೂದೈತಿ."

ಏನಂದ್ಲು ಅವ್ವ ಎಂದು ನೀವು ನನ್ನ ಕಡೆ ತಿರುಗಿದಿರಿ. ಒಬ್ಬನ, ಅಂದರೆ ನಾನಿಲ್ಲದೆ — ಆ ಮಾತು ನನ್ನನ್ನು ಚುಚ್ಚಿತ್ತು.

"ಊಟ ಆತೇನಂತ ಕೇಳಾಕತ್ತಾರ್ರೀ," ಅಂದೆ.

ನೀವು ನಕ್ಕು, ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿ ಹೇಳಿದಿರಿ — ಆತವ್ವಾ, ರೊಟ್ಟಿ ಉಂಡೀನಿ. ಆ ಕಡೆಯಿಂದ ಉಸಿರಾಟ ಮಾತ್ರ ಕೇಳುತ್ತಿತ್ತು, ನನಗೆ. ಬಾ ಎಂದು ಕರೆದರೆ ಮಗ ಮಾತು ಮರೆಸಿದ ಎಂದೇ ಅವರು ತಿಳಿದಿರಬೇಕು. ಸ್ವಲ್ಪ ಹೊತ್ತಿಗೆ ಫೋನು ಕಟ್ಟಾಯಿತು. ಹನ್ನೆರಡು ದಿನಕ್ಕೆ ಅವ್ವ ಹೋದರು. ಆ ಹನ್ನೆರಡು ದಿನದಲ್ಲಿ ನಿಮಗೆ ರಜೆ ಸಿಗುತ್ತಿತ್ತು, ರೈಲೂ ಇತ್ತು. ನಾವು ಹಾವೇರಿ ಮುಟ್ಟುವಷ್ಟರಲ್ಲಿ ಮಣ್ಣಿಗೆ ಒಯ್ಯಲು ಎಲ್ಲ ಸಿದ್ಧವಾಗಿತ್ತು. ನೀವು ಅವರ ಕಾಲ ಬಳಿ ಕೂತು, ಕೊನೆಗೂ ನನ್ನ ಊಟದ ಚಿಂತಿನ ಮಾಡಿದ್ಲು ನಮ್ಮವ್ವ ಎಂದು ಬಂದವರಿಗೆಲ್ಲ ಹೇಳಿ ಅತ್ತಿರಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಇದಾಗಿ ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ಹೋದ ತಿಂಗಳು ಮೇಘಾಳ ಮನೆಗೆ ವಿಜಯವಾಡಕ್ಕೆ ಹೋದೆವಲ್ಲ, ಒನ್ ಟೌನ್ ಬಡಾವಣೆಯ ಆ ಇಕ್ಕಟ್ಟಾದ ಮನೆಗೆ. ಮಧ್ಯಾಹ್ನ ನೀವು ಅಳಿಯನ ಜೊತೆ ಅಂಗಡಿಗೆ ಹೋಗಿದ್ದಿರಿ. ಅಳಿಯನ ಅಜ್ಜಿ ಕೋಣೆಯಲ್ಲಿ ಒಬ್ಬರೇ ಕೂತು ಚಪ್ಪರದವರೆಯ ನಾರು ತೆಗೆಯುತ್ತಿದ್ದರು. ಫೋನು ಮಂಚದ ಮೇಲೆ ಬಿದ್ದಿತ್ತು. ಅಜ್ಜಿ ತಗ್ಗಿದ ದನಿಯಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು, ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದರು, ನಗುತ್ತಿದ್ದರು. ಆ ಕಡೆಯ ದನಿ ಒಂದಿಷ್ಟೂ ಹೊರಗೆ ಬರುತ್ತಿರಲಿಲ್ಲ. ಆಮೇಲೆ ಅವರೇ ಹೇಳಿದರು: ರಾಜಮಂಡ್ರಿಯ ಅಕ್ಕನಂತೆ, ಮೊಮ್ಮಗ ತಮ್ಮ ಕಿವಿಯ ಮಷೀನಿಗೆ ಫೋನು ಸೇರಿಸಿಕೊಟ್ಟ ಮೇಲೆ ದಿನಾ ಒಂದು ಗಂಟೆ ಮಾತಂತೆ. ಸೊಸೆಯರ ಎದುರು ಆಡಲಾಗದ ಮಾತುಗಳು ಎಷ್ಟಿರುತ್ತವೆ ಹೇಳಿ ಎಂದು ನನ್ನ ಕೈ ತಟ್ಟಿದರು. ದೂರೂ ಅಲ್ಲವಂತೆ, ಗುಟ್ಟೂ ಅಲ್ಲವಂತೆ — ಹುಟ್ಟಿದ ಮನೆಯ ಮಾತು, ಸಾಯುವ ಭಯದ ಮಾತು. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇಪ್ಪತ್ತು ವರ್ಷ ಆ ಊರಿನಲ್ಲಿ ಯಾರನ್ನು ಹುಡುಕಿದೆ, ಕೊನೆಗೆ ಅಲ್ಲಿ ಸಿಕ್ಕಿದ್ದು ಏನು.

ವಿಜಯವಾಡದ ಆ ಹೆಂಗಸು ಇದ್ದಳೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಇದ್ದಿದ್ದರೂ ನಾನು ಮಾಡಿದ್ದು ಸಣ್ಣದಾಗುವುದಿಲ್ಲ. ನಾಳೆ ದ್ವಾರಕಾ ನಗರಕ್ಕೆ ಹೋಗೋಣ. ಆ ಹುಡುಗಿಯ ಎದುರು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಮೈಕು, ತಂತಿಸುರುಳಿ, ಫೋನು ಎಲ್ಲವನ್ನೂ ಅವಳು ನಿಮಗೇ ಹೇಳಲಿ. ನಾನು ಕೆಳಗೆ ರಸ್ತೆಯಲ್ಲಿ ನಿಂತಿರುತ್ತೇನೆ. ಇನ್ನು ಮೇಲೆ ಫೋನು ಯಾರದು ಎಂದು ಕೇಳುವುದಿಲ್ಲ. ಕೇಳಬೇಕೆನಿಸುತ್ತದೆ, ಅದು ಗೊತ್ತು. ಆದರೂ ಕೇಳುವುದಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ನೀವು ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳುತ್ತೀರಿ — ಅವ್ವ ಏನು ಹೇಳಬೇಕಂತಿದ್ಲು? ನನಗೆ ಗೊತ್ತಿಲ್ಲ. ಗೊತ್ತಿದ್ದೂ ಮುಚ್ಚಿಡುತ್ತಿದ್ದೇನೆ ಎಂದು ನಿಮಗೆ ಅನ್ನಿಸುತ್ತದೆ, ಬದುಕಿರುವ ತನಕ ಅನ್ನಿಸುತ್ತಲೇ ಇರುತ್ತದೆ. ನನ್ನನ್ನು ನಂಬಿ ಎಂದು ಕೇಳುವ ಬಾಯಿ ನನಗೆ ಉಳಿದಿಲ್ಲ.