ಪೈಪಿನ ತುಂಡು, ಇಪ್ಪತ್ತನಾಲ್ಕು ಮೊಳೆ

ಹೋದ ಶನಿವಾರ ನಮ್ಮ ತ್ಯಾಗರಾಜನಗರದ ಮನೆಗೆ ಪ್ಲಂಬರ್ ಬಂದಿದ್ದ. ಬಚ್ಚಲಿನ ಹಳೆಯ ಪೈಪಿಗೆ ಹೊಸ ತುಂಡು ಕೂರಿಸಲು ಅದರ ಬಾಯನ್ನು ಬೆಂಕಿಗೆ ಹಿಡಿದ. ಕಾದ ಪ್ಲಾಸ್ಟಿಕ್ಕಿನ ಗಂಟಲು ಕೆರೆಯುವ ವಾಸನೆ ಅಡುಗೆಮನೆಯವರೆಗೂ ಬಂತು. ಕಿಟಕಿ ತೆರೆಯಲು ಎದ್ದವಳು ಅಲ್ಲೇ ನಿಂತುಬಿಟ್ಟೆ. ಆರು ವರ್ಷಗಳ ಹಿಂದೆ ಇದೇ ವಾಸನೆ ಶ್ರೀರಾಂಪುರದ ನಮ್ಮ ಓಣಿಯಲ್ಲಿ, ಎದುರುಮನೆಯಿಂದ ಬರುತ್ತಿತ್ತು. ಅಲ್ಲಿ ಒಲೆಯ ಮೇಲೆ ಕಾಯುತ್ತಿದ್ದ ಪೈಪು ನೀರಿಗಲ್ಲ, ಉಲ್ಲನ್ ಹೆಣೆಯುವುದಕ್ಕೆ.

ಎದುರುಮನೆ ಅಂಕಲ್ ಲೈನ್‌ಮನ್ ಆಗಿ ನಿವೃತ್ತರಾದವರು. ಮುರಿದ ಕೊಡೆ, ಸೈಕಲ್ ಕಡ್ಡಿ, ಸವೆದ ಟೂತ್‌ಬ್ರಷ್, ಪೈಪಿನ ತುಂಡು, ಯಾವುದನ್ನೂ ಎಸೆಯುತ್ತಿರಲಿಲ್ಲ. ಮಂಚದ ಕೆಳಗೆ ಎರಡು ಗೋಣಿಚೀಲ ತುಂಬಾ ಅವೇ. ಆಂಟಿ ಹೆಣೆಯುವವರು. ನಮ್ಮ ಓಣಿಯಲ್ಲಿ ಹುಟ್ಟಿದ ಪ್ರತಿ ಮಗುವಿನ ತಲೆಯ ಮೇಲೂ ಅವರ ಕೈಯ ಟೋಪಿ ಇರುತ್ತಿತ್ತು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವರಿಗೆ ಸ್ಟ್ರೋಕ್ ಆಯಿತು. ಮಾತು ಒಂದು ತಿಂಗಳಲ್ಲಿ ಮರಳಿತು. ಬಲಗೈ ಮರಳಲಿಲ್ಲ.

ಎರಡು ಕಡ್ಡಿ ಹಿಡಿಯಲು ಎರಡು ಕೈ ಬೇಕು. ಆಂಟಿ ತಮ್ಮ ಸ್ಟೀಲ್ ಕಡ್ಡಿಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು ಹೆಚ್ಚಾಯಿತು. ಊಟವೂ ಕಡಿಮೆಯಾಯಿತು. ಅಂಕಲ್‌ಗೆ ದಿಗಿಲಾದದ್ದು ಆಗ. ಕೈ ಹೋದರೆ ಹೋಗಲಿ, ಇವಳು ಹೀಗೆ ಮಲಗಿಯೇ ಹೋಗಿಬಿಡುತ್ತಾಳಲ್ಲ ಎಂದು ನಮ್ಮಮ್ಮನ ಹತ್ತಿರ ಹೇಳಿಕೊಂಡಿದ್ದರು.

ಅವರು ಗೋಣಿಚೀಲ ಬಿಚ್ಚಿದರು. ಮೊದಲು ಕೊಡೆಯ ಎರಡು ಕಡ್ಡಿಗಳನ್ನು ಉಜ್ಜಿ ನುಣುಪು ಮಾಡಿ, ಒಂದನ್ನು ಕುರ್ಚಿಯ ತೋಳಿಗೆ ಕಟ್ಟಿದರು, ಇನ್ನೊಂದನ್ನು ಆಂಟಿಯ ಎಡಗೈಗೆ ಕೊಟ್ಟರು. ಅದು ನಾಲ್ಕು ದಿನವೂ ನಡೆಯಲಿಲ್ಲ. ಆಮೇಲೆ ಬಂತು ಪೈಪು. ಬಾಳೆಎಲೆಯ ದೊನ್ನೆಯಷ್ಟು ಅಗಲದ ಪೈಪಿನಿಂದ ಒಂದು ಬಳೆ ಕತ್ತರಿಸಿ, ಅದನ್ನು ಒಲೆಯ ಮೇಲೆ ಸ್ವಲ್ಪ ಮೆತ್ತಗಾಗಿಸಿ, ಮೊಳೆಗಳನ್ನೂ ಕಾಯಿಸಿ ಅದರ ಅಂಚಿಗೆ ಸುತ್ತಲೂ ಚುಚ್ಚಿ ನಿಲ್ಲಿಸಿದರು. ಪ್ರತಿ ಮೊಳೆಗೂ ಒಂದರ ಮೇಲೊಂದು ನೂಲು ಸುತ್ತಿ, ಕೆಳಗಿನ ಸುತ್ತನ್ನು ಕೊಕ್ಕೆಯಿಂದ ಎತ್ತಿ ಮೊಳೆಯ ತಲೆ ದಾಟಿಸಿದರೆ ಒಂದು ಹೊಲಿಗೆ, ಬಳೆಯ ಸುತ್ತ ಹೀಗೆ ಒಂದು ಸಲ ಬಂದರೆ ಒಂದು ಸಾಲು. ಒಂದೇ ಕೈ ಸಾಕು. ಬಳೆಯ ನಡುವಿನಿಂದ ಟೋಪಿ ಕೆಳಗಿಳಿಯುತ್ತಾ ಬರುತ್ತದೆ.

ಮೊದಲ ಬಳೆಗೆ ಮೂವತ್ತಾರು ಮೊಳೆ ಹಾಕಿದ್ದರು. ಹತ್ತಿರ ಹತ್ತಿರವಾಗಿ ಆಂಟಿಯ ಕೊಕ್ಕೆ ನುಗ್ಗುತ್ತಿರಲಿಲ್ಲ. ಎರಡನೆಯದು ಒಲೆಯ ಮೇಲೆ ಸೊಟ್ಟಗಾಯಿತು. ಮೂರನೆಯದಕ್ಕೆ ಇಪ್ಪತ್ತನಾಲ್ಕು. ಅದು ಸರಿಹೋಯಿತು. ಕೊಕ್ಕೆ ಸೈಕಲ್ ಕಡ್ಡಿಯದು, ಹಿಡಿ ಟೂತ್‌ಬ್ರಷ್ಷಿನದು, ಬೆರಳು ಜಾರದಂತೆ ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ. ಉಲ್ಲನ್ ಉಂಡೆ ಉರುಳದಿರಲೆಂದು ಅಡುಗೆ ಎಣ್ಣೆಯ ಡಬ್ಬದ ಮುಚ್ಚಳಕ್ಕೆ ತೂತು ಮಾಡಿ ಅದರೊಳಗೆ ಇಟ್ಟರು. ಉಲ್ಲನ್ನೂ ಹೊಸದಲ್ಲ, ಅಂಕಲ್‌ದೇ ಹಳೆಯ ಸ್ವೆಟರ್ ಬಿಚ್ಚಿದ್ದು. ಈ ಮೂರು ಬಳೆಯ ಹೊತ್ತಿಗೆ ಆಂಟಿ ಗೋಡೆಯಿಂದ ಈ ಕಡೆ ತಿರುಗಿದ್ದರು, ಬೈಯುವುದಕ್ಕಾದರೂ.

"ಜನ ಒಲೆ ಮೇಲೆ ಅನ್ನ ಮಾಡ್ತಾರೆ, ಇವ್ರು ಪೈಪ್ ಬೇಯಿಸ್ತಾರೆ," ಎಂದು ನನಗೆ ಹೇಳಿದರು.

ದಿನಕ್ಕೆ ಎಷ್ಟು ಸಾಲು ಆಗುತ್ತದೆಂದು ಬರೆದಿಡಿ, ಕೈ ಹೇಗೆ ಪಳಗುತ್ತಿದೆ ಗೊತ್ತಾಗುತ್ತದೆ ಎಂದು ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ಹೇಳಿದ್ದರು. ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ಬಸ್ಸು ಎಷ್ಟು ನಿಮಿಷ ತಡ, ಮಳೆ ಎಷ್ಟು ದಿನ, ಎಲ್ಲವೂ ಅದರಲ್ಲಿರುತ್ತಿತ್ತು. ಆ ಕೆಲಸ ನನಗೇ ಬಂತು. ಕಾಲೇಜಿನಿಂದ ಬಂದವಳು ಸಂಜೆ ಅವರ ಮನೆಗೆ ಹೋಗಿ ಸಾಲು ಎಣಿಸುತ್ತಿದ್ದೆ. ಇವತ್ತು ಇಷ್ಟಾಯಿತು ಎಂದು ಆಂಟಿ ಹೇಳಿದ್ದನ್ನೂ ಪಕ್ಕದಲ್ಲಿ ಬರೆಯುತ್ತಿದ್ದೆ, ಎರಡನ್ನೂ ತಾಳೆ ಮಾತ್ರ ನೋಡುತ್ತಿರಲಿಲ್ಲ. "ಬಂದ್ರಪ್ಪ ಮೀಟರ್ ರೀಡರ್ರು," ಎನ್ನುತ್ತಿದ್ದರು ಅಂಕಲ್.

ಮೊದಲ ದಿನ ಅರ್ಧ ಸಾಲು. ಎರಡನೆಯ ದಿನ ಒಂದು. ಹೊಲಿಗೆ ಸಡಿಲ, ಎರಡು ಕಡೆ ತಪ್ಪಿಹೋಗಿತ್ತು. ಎರಡನೆಯ ವಾರದಲ್ಲಿ ಟೋಪಿ ಬೇಗ ಬೇಗ ಬೆಳೆಯತೊಡಗಿತು. ನಾನು ಖುಷಿಯಿಂದ ಬರೆದುಕೊಂಡೆ. ಬುಧವಾರ ಒಟ್ಟು ಇಪ್ಪತ್ತೆರಡು. ಗುರುವಾರ ಎಣಿಸಿದರೆ ಇಪ್ಪತ್ತೇಳು.

ಗುರುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಆಂಟಿ ತಮ್ಮ ಅಕ್ಕನ ಮಗಳ ಜೊತೆ ಚೆಕಪ್ಪಿಗೆಂದು ಆಸ್ಪತ್ರೆಯಲ್ಲಿದ್ದರು. ಆಗ ತಾನೇ ಆಟೋ ಇಳಿದು ಬಂದು ಕೂತಿದ್ದರು. ನನಗೆ ಲೆಕ್ಕ ತಪ್ಪಿತೆನಿಸಿ ಇನ್ನೊಮ್ಮೆ ಎಣಿಸಿದೆ. ಆಮೇಲೆ ಯೋಚನೆಯನ್ನೇ ಮಾಡದೆ ಕೇಳಿಬಿಟ್ಟೆ.

"ಆಂಟಿ, ನಿನ್ನೆ ಇಪ್ಪತ್ತೆರಡಿತ್ತು. ಇವತ್ತು ನೀವು ಮುಟ್ಟೇ ಇಲ್ವಲ್ಲ, ಐದು ಜಾಸ್ತಿ ಹೇಗಾಯ್ತು?"

ಅಂಕಲ್ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದ ಮೇಲೆ ನನಗೆ ಅರ್ಥವಾಯಿತು... ಆದರೆ ಮಾತು ಆಚೆ ಹೋಗಿಯಾಗಿತ್ತು. ಆಂಟಿ ಮಲಗಿದ್ದಾಗ, ಆಸ್ಪತ್ರೆಗೆ ಹೋದಾಗ, ಅಂಕಲ್ ಕೂತು ಹೆಣೆಯುತ್ತಿದ್ದರು. ಟೋಪಿ ಬೆಳೆಯುವುದನ್ನು ನೋಡಿದರೆ ಇವಳಿಗೆ ಧೈರ್ಯ ಬರುತ್ತದೆ ಎಂದುಕೊಂಡು.

ಆಂಟಿ ಕೂಗಾಡಲಿಲ್ಲ. ಎಡಗೈಯಿಂದ ಬಳೆಯನ್ನು ಅಂಕಲ್ ಕಡೆ ತಳ್ಳಿದರು.

"ಬಿಚ್ರಿ. ಎಲ್ಲಾ ಬಿಚ್ರಿ. ನಿಮ್ ಕೈ ಸೇರ್ಸಿದ್ರೆ ನನ್ ಕೈ ವಾಸಿ ಆಗ್ಬಿಡತ್ತಾ?"

ಅಂಕಲ್ ಲೋಟ ಕೆಳಗಿಟ್ಟು ನೆಲದ ಮೇಲೆ ಕೂತರು. ನೂಲಿನ ತುದಿ ಹಿಡಿದು ಇಪ್ಪತ್ತೇಳು ಸಾಲನ್ನೂ ಬಿಚ್ಚಿ ಉಂಡೆ ಸುತ್ತಿದರು. ನಾನು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಮನೆಗೆ ಬಂದ ಮೇಲೆ ಪುಸ್ತಕ ತೆಗೆದು, ಆಂಟಿ ತಾವೇ ಹೇಳಿದ ಸಾಲುಗಳನ್ನು ಕಳೆದು ನೋಡಿದೆ. ಅಂಕಲ್ ಹೆಣೆದದ್ದು ಹದಿನಾಲ್ಕು.

ಹನ್ನೊಂದು ದಿನ ಆಂಟಿ ಬಳೆ ಮುಟ್ಟಲಿಲ್ಲ. ನಾನೂ ಆ ಕಡೆ ತಲೆ ಹಾಕಲಿಲ್ಲ. ಹನ್ನೆರಡನೆಯ ದಿನ ಅಂಕಲ್ ನಮ್ಮ ಗೇಟಿನ ಹತ್ತಿರ ಬಂದು ನಿಂತರು.

"ಏನಮ್ಮಾ, ಲೈನೇ ಕಟ್ ಮಾಡ್ಬಿಟ್ಯಲ್ಲ. ನೀನು ಕೇಳಿದ್ದು ಸರಿಯಾಗೇ ಇತ್ತು. ಬಾ, ಅವ್ಳು ಶುರು ಮಾಡಿದಾಳೆ."

ಹೋಗಿ ನೋಡಿದರೆ ಒಂದೂವರೆ ಸಾಲು. ಆಂಟಿ ಕೊಕ್ಕೆಯ ಮೇಲೇ ಕಣ್ಣಿಟ್ಟು, ತಲೆ ಎತ್ತದೆ, "ಬರ್ಕೋ" ಎಂದರು. ಆವತ್ತಿನಿಂದ ಆಂಟಿ ಹೆಣೆಯಲು ಕೂತಾಗಲೆಲ್ಲ ಅಂಕಲ್ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಮೊಳೆ ಅಲುಗಾಡಿದರೆ, ಹಿಡಿ ಸಡಿಲವಾದರೆ ಆಂಟಿ ಅವರನ್ನು ಒಳಗೆ ಕರೆಯುತ್ತಿದ್ದರು. ಸರಿ ಮಾಡಿಕೊಟ್ಟು ಮತ್ತೆ ಕಟ್ಟೆಗೆ. ನೂಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಟೋಪಿ ಮುಗಿಯಲು ಎರಡು ತಿಂಗಳು ಹಿಡಿಯಿತು. ಒಂದು ಕಿವಿಯ ಹತ್ತಿರ ಉಬ್ಬು, ಇನ್ನೊಂದರ ಹತ್ತಿರ ತೂತು. ಆ ಚಳಿಗಾಲವೆಲ್ಲ ಅದನ್ನೇ ಹಾಕಿಕೊಂಡು ಅಂಕಲ್ ಹಾಲು ತರಲು ಹೋಗುತ್ತಿದ್ದರು. ಯಾರಾದರೂ ನಕ್ಕರೆ, "ಒಂದೇ ಕೈಲಿ ಹೆಣಿ ನೋಡೋಣ," ಎನ್ನುತ್ತಿದ್ದರಂತೆ.

ಆಮೇಲೆ ನಾವು ಮನೆ ಬದಲಿಸಿದೆವು. ಹೋಗಿ ಬರುವುದು ವರ್ಷಕ್ಕೊಂದು ಸಲವಾಯಿತು... ಅದೂ ತಪ್ಪಿತು. ಅಂಕಲ್ ತೀರಿಹೋದ ಸುದ್ದಿ ಈ ವರ್ಷ ಯುಗಾದಿ ಕಳೆದ ಮೇಲೆ, ಬೇರೆಯವರಿಂದ ತಿಳಿಯಿತು. ಆಗಲೂ ಹೋಗಲಿಲ್ಲ. ಕೆಲಸವಿತ್ತು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಏನು ಕೆಲಸವೆಂದು ಬರೆದಿಲ್ಲ.

ಪ್ಲಂಬರ್ ಬಂದುಹೋದ ಮರುದಿನ, ಭಾನುವಾರ, ಶ್ರೀರಾಂಪುರಕ್ಕೆ ಹೋದೆ. ಆಂಟಿ ಕಿಟಕಿಯ ಪಕ್ಕ ಕೂತು ಹೆಣೆಯುತ್ತಿದ್ದರು. ಈಗ ಹೊಲಿಗೆಗಳು ಸಮವಾಗಿವೆ. ಇಷ್ಟು ತಡವಾಗಿ ಬಂದವಳಿಗೆ ಕೊಕ್ಕೆಯಿಂದಲೇ ಪಕ್ಕದ ಕುರ್ಚಿ ತೋರಿಸಿದರು. ಅಕ್ಕನ ಮಗಳು ಕಾಫಿ ಕೊಟ್ಟಳು. ಸ್ವಲ್ಪ ಹೊತ್ತು ಓಣಿಯ ಮಾತಾಡಿದೆವು. ಆಮೇಲೆ ಅವರೇ ಆ ವಿಷಯ ತೆಗೆದರು.

"ನೀನು ಕೇಳೋಕ್ ಮುಂಚೇನೇ ನಂಗೆ ಗೊತ್ತಿತ್ತು ಕಣೇ. ಅವ್ರು ಹಾಕಿದ ಹೊಲಿಗೆ ಕಂಬಕ್ಕೆ ವೈರ್ ಎಳ್ದಂಗೆ ಬಿಗೀ ಇರೋದು. ಬಿಚ್ಸಬಾರ್ದಿತ್ತು. ಇರ್ಲಿ ಅಂತ ಬಿಟ್ಟಿದ್ರೆ, ಅವ್ರ ಕೈದೂ ಒಂದಿಷ್ಟು ಇರ್ತಿತ್ತು ಈಗ ಆ ಟೋಪೀಲಿ."

ಆಂಟಿ ಇನ್ನೆರಡು ಹೊಲಿಗೆ ಎತ್ತಿ ಹಾಕಿದರು.

"ಎಷ್ಟು ಸಾಲಿತ್ತು ಅವ್ರದ್ದು? ನೀನು ಬರ್ಕೊಂಡಿರ್ತೀಯ."

ಹದಿನಾಲ್ಕು ಎಂದೆ.

ಆಂಟಿ ಕೊಕ್ಕೆ ಕೆಳಗಿಟ್ಟರು. ಹೆಣೆದ ಉಲ್ಲನ್ನಿನಲ್ಲಿ ಹದಿನಾಲ್ಕು ಸಾಲು ಎಣಿಸಿ, ಎಡಗೈಯ ಬೆರಳುಗಳನ್ನು ಜೋಡಿಸಿ ಅದರ ಮೇಲೆ ಅಡ್ಡವಾಗಿ ಇಟ್ಟು ನೋಡಿದರು.

"ನಾಲ್ಕು ಬೆರಳಗಲ," ಎಂದರು.