ಅಜ್ಜಿಯ ಕೈಯಳತೆಯ ಹಲಗೆಗಳು

ಹಳೆಯ ಹಲಸಿನ ಹಲಗೆಯನ್ನು ಗರಗಸಕ್ಕೆ ಕೊಟ್ಟಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಹೊಗೆ, ಅದರ ಜೊತೆಗೆ ಎಷ್ಟೋ ವರ್ಷ ಮುಚ್ಚಿಟ್ಟ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಮೂಗಿಗೆ ಬಡಿಯುವ ಒಂಥರಾ ಘಾಟು. ಹೋದ ತಿಂಗಳು ತುಮಕೂರಿನ ನಮ್ಮ ಮನೆಯ ಅಡುಗೆಕೋಣೆಗೆ ಹೊಸ ಕಪಾಟು ಕೂರಿಸಲು ಪ್ಲೈವುಡ್ ಕೆಲಸದವರು ಬಂದಿದ್ದರು. ಮಿಕ್ಸಿ ಕೆಳಗೆ ಹಾಕಲು ಏನಾದರೂ ಗಟ್ಟಿ ಮರ ಇದೆಯಾ ಎಂದು ಕೇಳಿದ್ದಕ್ಕೆ ಅಟ್ಟದಲ್ಲಿದ್ದ ಒಂದು ಹಲಗೆ ಇಳಿಸಿಕೊಟ್ಟೆ. ಅವರು ಕೊಯ್ದರು, ನೆಲದ ತುಂಬ ಅರಿಶಿನದ ಬಣ್ಣದ ಪುಡಿ ಉದುರಿತು, ನಾನು ಬಾಗಿಲಲ್ಲೇ ನಿಂತುಬಿಟ್ಟೆ. "ಮೇಡಂ, ಒಳಗಡೆ ಶೆಲ್ಫ್ ಎಷ್ಟು ಹೈಟಿಗೆ ಇಡಣ? ಎಲ್ಲಾರ ಮನೇಗೂ ಒಂದೇ ಅಳತೆ ಹಾಕೋದು ನಾವು. ಅದ್ನೇ ಹಾಕ್ಬುಡ್ಲಾ?" ಎಂದರು. ಎಲ್ಲರಿಗೂ ಒಂದೇ ಅಳತೆಯಂತೆ! ನಮ್ಮಮ್ಮ ಕೇಳಿಸಿಕೊಂಡಿದ್ದರೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಕುಣಿಗಲ್ಲಿಗೆ ವರ್ಗವಾಯಿತು. ಅದುವರೆಗೆ ನಾವೆಲ್ಲ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಅಜ್ಜಿಯ ಮನೆಯಲ್ಲಿದ್ದೆವು. ಮಣ್ಣಿನ ಗೋಡೆಯ, ಮೊಣಕೈ ಉದ್ದ ದಪ್ಪದ ಗೋಡೆಯ ಮನೆ. ಅಡುಗೆಕೋಣೆಯ ಗೋಡೆಯಲ್ಲೇ ಗೂಡುಗಳು. ಉಪ್ಪಿಗೊಂದು, ಎಣ್ಣೆಗೊಂದು, ಸಾರಿನ ಪುಡಿಗೊಂದು. ಹೊಗೆ ಹಿಡಿದು ಕಪ್ಪಾದ ಆ ಗೂಡುಗಳೊಳಗೆ ಅಜ್ಜಿಯ ಕೈ ಹೋಗಿ ಬರುವುದನ್ನು ನೋಡುವುದೇ ಚಂದ. ಒಲೆ ಕಡೆ ಮುಖ ಮಾಡಿಕೊಂಡೇ, ನನಗೆ ಯಾವುದೋ ದೆವ್ವದ ಕಥೆ ಹೇಳುತ್ತಲೇ, ಕೈ ಪಕ್ಕಕ್ಕೆ ಚಾಚಿ ಚಿಟಿಕೆ ಉಪ್ಪು ತೆಗೆಯುತ್ತಿದ್ದಳು. ದೊಡ್ಡಪ್ಪ ಆ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತೇನೆಂದು ಹೊರಟಾಗ, ಅಜ್ಜಿ ನಮ್ಮ ಜೊತೆ ಬರುವುದೆಂದಾಯಿತು. ಲಾರಿಗೆ ಸಾಮಾನು ಏರಿಸುವಾಗ ಅಪ್ಪ ಒಡೆದ ಕಣಜದ ಹಲಸಿನ ಹಲಗೆಗಳನ್ನೂ ಹಾಕಿಸಿದ. "ಇವ್ಯಾಕ್ಲಾ ಗಂಗಣ್ಣ, ಒಲೆಗೆ ಆಯ್ತಿದ್ವಲ್ಲ" ಎಂದಳು ಅಜ್ಜಿ. "ಗೌರಿಗೊಂದು ಬೀರು ಮಾಡ್ತೀನಿ ಕಣವ್ವ" ಎಂದ ಅಪ್ಪ. ಗೌರಿ ಅಂದರೆ ನಮ್ಮಮ್ಮ. ಅಪ್ಪ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ, ಆದರೆ ಉಳಿ ಗರಗಸ ಕಂಡರೆ ಸಾಕು ಊಟ ಮರೆಯುವ ಆಸಾಮಿ.

ಅಮ್ಮನ ಸಂಭ್ರಮವನ್ನು ಏನೆಂದು ಹೇಳಲಿ! ಮದುವೆಯಾದಾಗಿನಿಂದ ಅತ್ತೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಂಡು ಇದ್ದವಳು. ತನ್ನದು ಅಂತ ಒಂದು ಚಮಚ ಇಡುವ ಜಾಗವನ್ನೂ ಕಂಡಿರಲಿಲ್ಲ. ಕುಣಿಗಲ್ಲಿನ ಬಾಡಿಗೆ ಮನೆಯ ಆ ಪುಟ್ಟ ಕೋಣೆಯಲ್ಲಿ ಅವಳು ದಿನಕ್ಕೊಂದು ಥರ ಡಬ್ಬಿ ಜೋಡಿಸುತ್ತಿದ್ದಳು. ಬೀರುವಿನ ಹಲಗೆ ಎಷ್ಟು ಎತ್ತರಕ್ಕೆ ಬರಬೇಕು ಎಂದು ಅಪ್ಪ ಕೇಳಿದರೆ ಬೆಳಿಗ್ಗೆ ಒಂದು ಹೇಳುತ್ತಿದ್ದಳು, ಸಂಜೆ ಇನ್ನೊಂದು. ಅಮ್ಮ ಒಳ್ಳೇ ಎತ್ತರದ ಹೆಂಗಸು, ಅಪ್ಪನಿಗಿಂತ ಒಂದು ಬೆರಳು ಹೆಚ್ಚೇ. "ನಿಮ್ಮಮ್ಮನ್ನ ತೆಂಗಿನತೋಟದಲ್ಲಿ ನಿಲ್ಸಿದ್ರೆ ಕಾಯಿ ಕೀಳೋರೇ ಬೇಡ" ಎಂದು ಅಪ್ಪ ನನ್ನ ಹತ್ತಿರ ಹೇಳಿ ನಗುತ್ತಿದ್ದ. ಕೊನೆಗೆ ರೇಗಿ, "ನಿನ್ನ ಕಾಟ ಸಾಕು ಕಣೇ. ಎರಡು ಕಡೆನೂ ಉದ್ದಕ್ಕೆ ತೂತು ಕೊರೆದುಬಿಡ್ತೀನಿ. ಗೂಟ ಕಿತ್ತು ಗೂಟ ಹಾಕು, ಎಲ್ಲಿ ಬೇಕೋ ಅಲ್ಲಿ ಹಲಗೆ ಇಟ್ಕೋ" ಎಂದ. ಪಕ್ಕದ ಹಲಗೆಗಳ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಬೈರಿಗೆಯಲ್ಲಿ ಒಂದೊಂದೇ ತೂತು ಕೊರೆದ. ಹಿತ್ತಿಲಲ್ಲಿ ಕೂತು ನಾನು ಆ ಹಳದಿ ಪುಡಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟುತ್ತಿದ್ದೆ.

ಬೀರು ಇನ್ನೂ ಮುಗಿದಿರಲಿಲ್ಲ. ಡಬ್ಬಿಗಳೆಲ್ಲ ಕಿಟಕಿಯ ಕಟ್ಟೆಯ ಮೇಲಿದ್ದವು. ಒಂದು ದಿನ ಅಮ್ಮ ಅಂಗಡಿಗೆ ಹೋಗಿದ್ದಾಗ ಅಜ್ಜಿ ಒಬ್ಬಳೇ ಸಾರು ಕಾಯಿಸಿ ಮುದ್ದೆ ತೊಳಸಿದಳು. ಎಲ್ಲರೂ ಊಟಕ್ಕೆ ಕೂತೆವು. ಮೊದಲ ತುತ್ತಿಗೇ ನನ್ನ ಹಲ್ಲಿಗೆ ಕರಕರ ಎಂದಿತು. ಅಪ್ಪನ ಮುಖ ನೋಡಿದೆ, ಅವನು ತಲೆ ತಗ್ಗಿಸಿ ನುಂಗುತ್ತಿದ್ದ. ಅಮ್ಮ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಎಂಟು ವರ್ಷದ ಬಾಯಿ ಕೇಳಬೇಕಲ್ಲ! "ಅಜ್ಜೀ, ಸಾರಲ್ಲಿ ಮಣ್ಣು" ಎಂದುಬಿಟ್ಟೆ. ಅಮ್ಮ ಎದ್ದುಹೋಗಿ ಕಿಟಕಿಯ ಕಟ್ಟೆ ನೋಡಿದಳು. ಉಪ್ಪಿನ ಡಬ್ಬಿಯ ಪಕ್ಕ ರಂಗೋಲಿ ಪುಡಿಯ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅಜ್ಜಿ ತನ್ನ ತಟ್ಟೆಯ ಸಾರಿಗೆ ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿಕೊಂಡು, ಹಾಗೇ ಕೂತಳು. "ಅವ್ವ, ನಿಂಗೆ ಕಣ್ಣು ಕಾಣ್ತದಾ?" ಎಂದು ಅಪ್ಪ ಮೆಲ್ಲಗೆ ಕೇಳಿದ. "ಬೆಳಕು ಗೊತ್ತಾಯ್ತದೆ ಕಣಪ್ಪ" ಎಂದಳು. ಅಷ್ಟೇ.

ಅಜ್ಜಿಗೆ ಕಣ್ಣು ಯಾವಾಗ ಹೋಯಿತೋ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಂಬುತ್ತೀರಾ? ಒಂದೇ ಸೂರಿನಡಿ ಇದ್ದವರಿಗೆ ಗೊತ್ತಿರಲಿಲ್ಲ. ಕೆಲಸ ಮಾಡುವವರಿಗೆ ಏನೂ ಆಗುವುದಿಲ್ಲ ಎಂದೇ ನಮ್ಮ ಕಡೆ ತಿಳಿದಿರುತ್ತೇವೆ. ಹೊತ್ತಿಗೆ ಸರಿಯಾಗಿ ಮುದ್ದೆ ತಟ್ಟೆಗೆ ಬೀಳುತ್ತಿತ್ತು, ಹೆಜ್ಜೆ ಸದ್ದಿನ ಮೇಲೆ ಯಾರೆಂದು ಹೇಳುತ್ತಿದ್ದಳು, ನಮಗೆ ಅಷ್ಟು ಸಾಕಾಗಿತ್ತು. ಕಡಬದ ಗೂಡುಗಳೇ ಅವಳಿಗೆ ಕಣ್ಣಾಗಿದ್ದವು, ನಾವು ಅವನ್ನು ಕೆಡವಲು ಬಿಟ್ಟು ಅವಳನ್ನು ಲಾರಿ ಹತ್ತಿಸಿಕೊಂಡು ಬಂದಿದ್ದೆವು. ತುಮಕೂರಿನ ಡಾಕ್ಟರು ನೋಡಿ, ಬಹಳ ತಡವಾಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದರು. ಅವತ್ತಿನಿಂದ ಅಜ್ಜಿ ಹೊರಗಿನ ಜಗಲಿ ಹಿಡಿದು ಕೂತಳು. ತಟ್ಟೆ ಕೊಟ್ಟರೆ ಅರ್ಧ ಉಂಡು, "ಸಾಕು ಬುಡವ್ವ, ಕೂತು ತಿನ್ನೋಳಿಗೆ ಎಷ್ಟು ಬೇಕು" ಎನ್ನುತ್ತಿದ್ದಳು. ಕಥೆ ಹೇಳು ಎಂದರೆ ಮರೆತೆ ಎನ್ನುತ್ತಿದ್ದಳು. ದಿನದಿನಕ್ಕೆ ಇಳಿದುಹೋದಳು. ನನಗೆ ಭಯವಾಗುತ್ತಿತ್ತು.

ಬೀರು ಮುಗಿದು, ಅಡುಗೆಕೋಣೆಯ ಗೋಡೆಗೆ ಒರಗಿ ನಿಂತಿತು. ಒಳಗೆ ಬರೀ ತೂತುಗಳು, ಇನ್ನೂ ಹಲಗೆ ಕೂರಿಸಿರಲಿಲ್ಲ. ಅಪ್ಪ ಗೂಟಗಳನ್ನು ಟವೆಲ್ಲಿನಲ್ಲಿ ತುಂಬಿಕೊಂಡು ಬಂದು, "ಎಲ್ಲಿಗೆ ಹೇಳೇ, ಇವತ್ತು ಕಡೇ ಮಾತು" ಎಂದ. ಅಮ್ಮ ತನ್ನ ಕೈ ಎತ್ತಿ ಒಂದು ಸಲ ಮೇಲಿನ ತೂತು ಮುಟ್ಟಿದಳು. ಆಮೇಲೆ ಜಗಲಿಗೆ ಹೋಗಿ ಅಜ್ಜಿಯ ತೋಳು ಹಿಡಿದು ಎಬ್ಬಿಸಿಕೊಂಡು ಬಂದಳು. ಬೀರುವಿನ ಮುಂದೆ ನಿಲ್ಲಿಸಿ, "ಅತ್ತೆಮ್ಮ, ಇದು ಕಡಬದ ಮನೆ ಅಂದ್ಕಳಿ. ಒಲೆ ನಿಮ್ಮ ಎಡಕ್ಕದೆ. ಉಪ್ಪು ತಗಳಿ" ಎಂದಳು. ಅಜ್ಜಿಗೆ ಅರ್ಥವಾಗಲಿಲ್ಲ. "ಏನೇ ನಿನ್ನ ಆಟ" ಎಂದಳು. "ಸಾರಿಗೆ ಉಪ್ಪು ಹಾಕ್ಬೇಕು ಅತ್ತೆಮ್ಮ, ನಿಮ್ಮ ಮಗ ಹಸ್ಕೊಂಡು ಕೂತವ್ನೆ, ಬೇಗ ತಗಳಿ" ಎಂದಳು ಅಮ್ಮ. ಅಜ್ಜಿಯ ಕೈ ತಾನೇ ತಾನಾಗಿ ಚಾಚಿತು. ಸೊಂಟದಿಂದ ಸ್ವಲ್ಪ ಮೇಲೆ, ಬಲಕ್ಕೆ. ಅಪ್ಪ ಅಲ್ಲಿ ಪೆನ್ಸಿಲ್ ಗುರುತು ಹಾಕಿದ. "ರಾಗಿಹಿಟ್ಟು?" ಕೈ ಕೆಳಗೆ ಹೋಯಿತು. "ಹುಣಸೆಹಣ್ಣು?" "ಸಾರಿನ ಪುಡಿ?" ಅಮ್ಮ ಕೇಳುತ್ತಿದ್ದಳು, ಕುಳ್ಳಿ ಅಜ್ಜಿಯ ಆ ಪುಟ್ಟ ಕೈ ಬರಿಯ ಬೀರುವಿನೊಳಗೆ ಹೋಗಿ ಇಲ್ಲದ ಗೂಡುಗಳನ್ನು ಮುಟ್ಟಿ ಬರುತ್ತಿತ್ತು, ಅಪ್ಪ ಕಣ್ಣು ಒರೆಸಿಕೊಳ್ಳುತ್ತ ಗುರುತು ಹಾಕುತ್ತಿದ್ದ. ಹಲಗೆಗಳೆಲ್ಲ ಆ ಗುರುತಿಗೇ ಕೂತವು. ಮಾರನೇ ದಿನ ಬೆಳಿಗ್ಗೆ ಅಜ್ಜಿ ಮುದ್ದೆ ತೊಳಸುತ್ತ, "ಏನ್ಲೇ ಕೂಸೆ, ಎಲ್ಲಿಗೆ ನಿಲ್ಸಿದ್ದೆ ದೆವ್ವದ ಕಥೆಯ?" ಎಂದು ಕೂಗಿದಾಗ ನಾನು ಹಲ್ಲುಜ್ಜುವುದನ್ನು ಬಿಟ್ಟು ಓಡಿದೆ.

ಒಂದು ನಿಯಮ ಮಾತ್ರ ಇತ್ತು. ತೆಗೆದ ಡಬ್ಬಿ ತೆಗೆದ ಜಾಗಕ್ಕೇ ಹೋಗಬೇಕು. ಹಬ್ಬಕ್ಕೆ ಬಂದ ನೆಂಟರು ತಪ್ಪಿ ಸಕ್ಕರೆ ಡಬ್ಬಿ ಆಚೀಚೆ ಇಟ್ಟರೆ ನಾನೇ ಪೊಲೀಸಿನವಳ ಹಾಗೆ ಹೋಗಿ ಸರಿಪಡಿಸುತ್ತಿದ್ದೆ. ಹೀಗೇ ವರ್ಷಗಳು ಹೋದವು. ನಾನು ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರಿದೆ. ಅಜ್ಜಿಯ ಅಳತೆಯ ಆ ಹಲಗೆಗಳಿಗೆ ಅಮ್ಮ ದಿನವೆಲ್ಲ ಬಗ್ಗುತ್ತಿದ್ದಳು. ಬಗ್ಗಿ ಉಪ್ಪು, ಬಗ್ಗಿ ಬೇಳೆ, ಇನ್ನೂ ಬಗ್ಗಿ ರಾಗಿಹಿಟ್ಟು. ರಾತ್ರಿ ಸೊಂಟಕ್ಕೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಮಲಗುತ್ತಿದ್ದಳು. ಅಪ್ಪ ಒಂದೆರಡು ಸಲ, ಮೇಲೊಂದು ಹಲಗೆ ನಿನಗೆ ಹಾಕಿಕೊಡಲೇ ಎಂದ. "ಎರಡೆರಡು ಜಾಗ ಆದ್ರೆ ಅತ್ತೆಮ್ಮಂಗೆ ಗಲಿಬಿಲಿ ಆಯ್ತದೆ, ಬುಡಿ" ಎಂದುಬಿಟ್ಟಳು.

ಆದರೆ ಕಣ್ಣಿಲ್ಲದವಳ ಕಿವಿ ಬಿಡುತ್ತದೆಯೇ? ಒಂದು ಭಾನುವಾರ ನಾನು ಅಜ್ಜಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಒಳಗೆ ಅಮ್ಮ "ಅಮ್ಮಾ" ಎಂದು ನರಳಿದಳು. "ನಿಮ್ಮವ್ವ ಯಾಕೆ ಕೂಸೆ ಬೀರು ಹತ್ರ ಹೋದಾಗೆಲ್ಲ ಹಂಗೆ ನರಳ್ತಾಳೆ?" ಎಂದು ಅಜ್ಜಿ ಕೇಳಿದಳು. "ಬಗ್ಗೀ ಬಗ್ಗೀ ಅಜ್ಜಿ. ಹಲಗೆ ಎಲ್ಲ ನಿನ್ನಳತೆಗೆ ಅಲ್ವಾ" ಎಂದೆ. ಅಜ್ಜಿಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಮೊರ ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು, ಅಡುಗೆಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. "ಗೌರಿ, ನೆಟ್ಟಗೆ ನಿಂತ್ಕೊಳೇ" ಎಂದಳು. ಅಮ್ಮ ಕಂಗಾಲಾಗಿ ನಿಂತಳು. "ಕೈ ಎತ್ತು." ಎತ್ತಿದಳು. ಅಜ್ಜಿ ಅಮ್ಮನ ಸೊಂಟದಿಂದ ಸವರಿಕೊಂಡು ಹೋದಳು. ಬೆನ್ನು, ಭುಜ, ತೋಳು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತರೂ ಅವಳ ಬೆರಳು ಅಮ್ಮನ ಮೊಣಕೈ ದಾಟಲಿಲ್ಲ. "ಇಷ್ಟುದ್ದ ಇದ್ಯಲ್ಲೇ ನನ್ನವ್ವ," ಎಂದಳು. "ಮರ್ತೇ ಹೋಗಿತ್ತು ಕಣೇ. ಇಷ್ಟು ವರ್ಷ ನನ್ನಳತೆಗೆ ಮುರ್ಕೊಂಡು ನಿಂತಿದ್ಯಾ?" ಅಮ್ಮ ಬೇಡ ಬೇಡ ಎನ್ನುತ್ತಿದ್ದ ಹಾಗೇ ಅಜ್ಜಿ ಅಪ್ಪನನ್ನು ಕೂಗಿದಳು. "ಲೋ ಗಂಗಣ್ಣ, ಗೂಟ ಕೀಳ್ಲಾ. ಇವಳ ಕೈ ಎಲ್ಲಿಗೆ ಹೋಯ್ತದೋ ಅಲ್ಲಿಗೆ ಇಕ್ಕು. ನನ್ನ ಕೈ ದುಡಿದದ್ದು ಸಾಕು." ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೋಗಿ ಬಾಗಿಲ ಪಕ್ಕ ಗೋಡೆಗೊರಗಿ ಕೂತಳು, ಎದ್ದೇಳಲಿಲ್ಲ. ಅಪ್ಪ ಒಂದೊಂದೇ ಗೂಟ ಕಿತ್ತು ಮೇಲಕ್ಕೆ ಹೊಡೆಯುವಾಗ ಪ್ರತಿ ಏಟಿಗೂ ಅವಳ ರೆಪ್ಪೆ ಅಲುಗುತ್ತಿತ್ತು.

ಈಗ ಅವರು ಮೂವರೂ ಇಲ್ಲ. ಬೀರುವಿನದು ಉಳಿದಿದ್ದದ್ದು ನಮ್ಮ ಅಟ್ಟದ ಆ ಹಲಗೆಯೊಂದೇ. ಆ ಬಾಡಿಗೆ ಮನೆಯ ಜಾಗದಲ್ಲಿ ಯಾವುದೋ ಕಾಂಪ್ಲೆಕ್ಸ್ ಎದ್ದಿದೆ. ಕುಣಿಗಲ್ ಮೇಲೆ ಬಸ್ಸಿನಲ್ಲಿ ಹೋಗುವಾಗ ಅತ್ತ ನೋಡುವುದಿಲ್ಲ ಅಂದುಕೊಂಡೂ ನೋಡುತ್ತೇನೆ. ನಿಮಗೂ ಅಂಥದೊಂದು ಜಾಗ ಇದ್ದೇ ಇರುತ್ತದೆ. ಆ ಮನೆಯ ಎಷ್ಟೋ ಸಂಗತಿ ಮರೆತುಹೋಗಿದೆ, ಆ ಭಾನುವಾರದ ಮಧ್ಯಾಹ್ನ ಮಾತ್ರ ಮರೆತಿಲ್ಲ. ಹಲಗೆ ಕೂರಿಸಿ ಮುಗಿದ ಮೇಲೆ ಅಮ್ಮ ಡಬ್ಬಿಗಳನ್ನು ಮೇಲೆ ಜೋಡಿಸುತ್ತಿದ್ದಳು. ಲೋಟಗಳೂ ಮೇಲಿನ ಹಲಗೆಗೇ ಹೋದವು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೂತಲ್ಲಿಂದಲೇ, ಯಾರದೋ ಮನೆಗೆ ಬಂದ ನೆಂಟಳ ಹಾಗೆ ಸಣ್ಣ ದನಿಯಲ್ಲಿ, "ಗೌರಿ, ಒಂದು ಲೋಟ ನೀರು ಕೊಡವ್ವ" ಎಂದಳು. ನಾನು ಹುಟ್ಟಿದಾಗಿನಿಂದ ಅಜ್ಜಿ ಯಾರ ಹತ್ತಿರವಾದರೂ ನೀರು ಕೇಳಿದ್ದನ್ನು ಕಂಡಿರಲಿಲ್ಲ. ಅಮ್ಮ ಬಗ್ಗದೆ ಲೋಟ ತೆಗೆದಳು, ನೀರು ತುಂಬಿಸಿ ಅಜ್ಜಿಯ ಕೈಗೆ ಹಿಡಿಸಿದಳು, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಹೋದಳು.